ಎಂಟಕ್ಕೆ ಬಾಗಿಲು ಹಾಕುವ ಹೊಟ್ಟೆ

ಈ ದಿನ ಬೆಳಗ್ಗೆ ಕಾವಲಿಯ ಮೇಲೆ ದೋಸೆ ಹುಯ್ದು ಅಂಚಿಗೆ ತುಪ್ಪ ಬಿಡುತ್ತಿದ್ದೆ. ಬೆನ್ನ ಹಿಂದೆ ಒಂದು ನಿಟ್ಟುಸಿರು ಕೇಳಿಸಿತು. ತಿರುಗಿ ನೋಡಿದರೆ ನಮ್ಮ ಮನೆಯವರು ಅಡುಗೆಮನೆಯ ಬಾಗಿಲಿಗೆ ಒರಗಿ, ಕಣ್ಣು ಅರ್ಧ ಮುಚ್ಚಿಕೊಂಡು ವಾಸನೆ ಎಳೆದುಕೊಳ್ಳುತ್ತಿದ್ದರು. "ಒಂದು ಹಾಕಲೇ?" ಎಂದೆ. "ಬೇಡ, ನನ್ನ ವಿಂಡೋ ತೆರೆಯುವುದು ಹನ್ನೆರಡಕ್ಕೆ" ಎಂದರು. ಹೇಳಿ ಹೋದರೇ? ಇಲ್ಲ, ಅಲ್ಲೇ ನಿಂತರು. ಮಗಳ ದೋಸೆ, ಅತ್ತೆಯ ದೋಸೆ, ನನ್ನ ದೋಸೆ ಎಲ್ಲಕ್ಕೂ ಹಾಜರಿದ್ದು, "ಆ ಕಡೆ ಸ್ವಲ್ಪ ಸೀಯುತ್ತಿದೆ ನೋಡು" ಎಂದು ಸಲಹೆಯನ್ನೂ ಕೊಟ್ಟರು. ತಿನ್ನದವರಿಗೆ ದೋಸೆ ಸೀದರೇನು, ಬೆಂದರೇನು?

ಹದಿನಾರು-ಎಂಟರ ಲೆಕ್ಕ ನಿಮಗೆ ಗೊತ್ತೇ ಇರುತ್ತದೆ; ಗೊತ್ತಿಲ್ಲದ ಮನೆ ಈಗ ಬೆಂಗಳೂರಿನಲ್ಲಿ ಇದ್ದಂತಿಲ್ಲ. ಹದಿನಾರು ಗಂಟೆ ಉಪವಾಸ, ಉಳಿದ ಎಂಟು ಗಂಟೆಯಲ್ಲಿ ಊಟ-ತಿಂಡಿ. ವಾರದಲ್ಲಿ ಐದು ದಿನ ಉಂಡು ಎರಡು ದಿನ ಅರೆಹೊಟ್ಟೆಯಲ್ಲಿರುವವರಿದ್ದಾರೆ, ದಿನ ಬಿಟ್ಟು ದಿನ ಉಪವಾಸ ಬೀಳುವ ಗಟ್ಟಿಗರೂ ಇದ್ದಾರೆ. ನಮ್ಮವರು ಆರಿಸಿಕೊಂಡದ್ದು ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಎಂಟು. ಕಚೇರಿಯಲ್ಲಿ ಯಾರೋ ಇದರಿಂದ ಹೊಟ್ಟೆ ಕರಗಿಸಿಕೊಂಡರಂತೆ. ಆ ಪುಣ್ಯಾತ್ಮರ ಹೊಟ್ಟೆಯನ್ನು ನಾನು ಕಂಡವಳಲ್ಲ. ಇವರ ಮೊಬೈಲಿನಲ್ಲಿ ಈಗ ಒಂದು ಆ್ಯಪ್ ಇದೆ, ಅದರೊಳಗೆ ನಿಧಾನವಾಗಿ ತುಂಬುವ ಒಂದು ಹಸಿರು ವೃತ್ತ. ಭಾನುವಾರ ಮನೆಯಲ್ಲಿದ್ದರೆ ಹನ್ನೊಂದೂ ಐವತ್ತರಿಂದಲೇ ತಟ್ಟೆ ಮುಂದಿಟ್ಟುಕೊಂಡು, ಗ್ರಹಣ ಬಿಡುವುದನ್ನು ಕಾಯುವವರ ಹಾಗೆ ಆ ವೃತ್ತವನ್ನೇ ನೋಡುತ್ತ ಕೂರುತ್ತಾರೆ. ಅನ್ನ ಆರುತ್ತದೆ, ಸಾರು ಆರುತ್ತದೆ. ಗಂಟೆ ಬಾರಿಸಿದ ಮೇಲೆ "ಬಿಸಿ ಇಲ್ಲವಲ್ಲ" ಎನ್ನುತ್ತಾರೆ.

ಹಾಲು, ಸಕ್ಕರೆ ಇಲ್ಲದ ಕಾಫಿಗೆ ಮಾತ್ರ ಉಪವಾಸದಲ್ಲಿ ಅಡ್ಡಿಯಿಲ್ಲವಂತೆ. ಗಾಂಧಿ ಬಜಾರಿನಿಂದ ಪುಡಿ ತಂದು, ರಾತ್ರಿಯೇ ಫಿಲ್ಟರಿಗೆ ಹಾಕಿ, ಬೆಳಗ್ಗೆ ಇಳಿದ ಗಟ್ಟಿ ಡಿಕಾಕ್ಷನ್ನಿಗೆ ಬರೀ ಬಿಸಿನೀರು ಬೆರೆಸುವುದೆಂದರೆ ನನ್ನ ಕೈ ಈಗಲೂ ತಡೆಯುತ್ತದೆ. ಅವರು ಒಂದೊಂದು ಗುಟುಕಿಗೂ ಮುಖ ಹಿಂಡಿ, "ರುಚಿ ಅಭ್ಯಾಸವಾಗುತ್ತಿದೆ" ಎನ್ನುತ್ತಾರೆ. ಲೋಟದಲ್ಲಿ ಪ್ರತಿದಿನ ಅರ್ಧ ಉಳಿದಿರುತ್ತದೆ.

ನಮ್ಮ ಅತ್ತೆಗೆ ಇದೆಲ್ಲ ಅರ್ಥವೇ ಆಗುವುದಿಲ್ಲ. ಮದುವೆಯಾಗಿ ಬಂದಾಗಿನಿಂದ ಏಕಾದಶಿಗೆ ಉಪವಾಸ ಮಾಡುತ್ತಿರುವವರು ಅವರು. ಮರುದಿನ ದ್ವಾದಶಿಯ ಪಾರಣೆಗೆ ಅಗಸೆ ಸೊಪ್ಪಿನ ಪಲ್ಯ ಮಾಡಿ ಬಡಿಸಿಕೊಂಡು ಉಂಡು, ಮಾತಿಲ್ಲದೆ ಕೆಲಸಕ್ಕೆ ಏಳುತ್ತಾರೆ. ಯಾವ ವೃತ್ತವೂ ತುಂಬುವುದಿಲ್ಲ, ಯಾವ ಗಂಟೆಯೂ ಬಾರಿಸುವುದಿಲ್ಲ. "ತೂಕ ಇಳಿಯಿತೇ ಅಮ್ಮಾ?" ಎಂದು ಮಗ ಒಮ್ಮೆ ಆಸಕ್ತಿಯಿಂದ ಕೇಳಿದರು. "ತೂಕಕ್ಕೂ ದೇವರಿಗೂ ಏನೋ ಸಂಬಂಧ?" ಎಂದು ಅವರು ಎದ್ದು ಹೋದರು. ಹೋಗುವಾಗ, ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ ಎಂದು ಗೊಣಗಿದರು. ಎಂಟು ಗಂಟೆಯೊಳಗೆ ಐದು ಹೊತ್ತು ಉಣ್ಣುವವರನ್ನು ಏನೆನ್ನಬೇಕೋ ಗಾದೆಯಲ್ಲಿಲ್ಲ.

ಐದು ಎಂದದ್ದು ಉತ್ಪ್ರೇಕ್ಷೆಯಲ್ಲ. ಹನ್ನೆರಡಕ್ಕೆ ತಪ್ಪಿಹೋದ ಬೆಳಗಿನ ತಿಂಡಿಯ ಲೆಕ್ಕಕ್ಕೆ ಕಚೇರಿಯ ಕ್ಯಾಂಟೀನಿನಲ್ಲಿ ಚೌಚೌ ಬಾತ್. ಒಂದೂವರೆಗೆ ನಾನು ಕಟ್ಟಿಕೊಟ್ಟ ಡಬ್ಬಿ. ನಾಲ್ಕಕ್ಕೆ ಮದ್ದೂರು ವಡೆ, ಅದರ ಜೊತೆ ಹಾಲು-ಸಕ್ಕರೆ ಎರಡೂ ಇರುವ ಕಾಫಿ. ಆರಕ್ಕೆ ಹೊರಡುವ ಮುನ್ನ, ದಾರಿಯಲ್ಲಿ ಎಷ್ಟು ಹೊತ್ತಾಗುತ್ತದೋ ಎಂಬ ಭಯದಿಂದ ಎರಡು ಬಾಳೆಹಣ್ಣು, ಒಂದು ಹಿಡಿ ನೆಲಗಡಲೆ. ಎಂಟರೊಳಗೆ ರಾತ್ರಿಯೂಟ. ಇಷ್ಟಾಗಿ ಮೊದಲ ವಾರ ತೂಕ ಇಳಿದದ್ದು ನಿಜ. ತಕ್ಕಡಿಯ ಫೋಟೋ ತೆಗೆದು ನೆಂಟರ ಗುಂಪಿಗೆಲ್ಲ ಕಳಿಸಿದರು. ಯಕೃತ್ತಿನಲ್ಲೂ ಸ್ನಾಯುಗಳಲ್ಲೂ ದೇಹ ಕೂಡಿಟ್ಟುಕೊಂಡ ಗ್ಲೈಕೋಜೆನ್ ಎಂಬ ಸಕ್ಕರೆಯ ದಾಸ್ತಾನು ಮೊದಲು ಖರ್ಚಾಗುತ್ತದೆ. ಅದು ತನ್ನ ತೂಕದ ಸುಮಾರು ಮೂರು ಪಟ್ಟು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ, ಆ ನೀರೂ ಜೊತೆಗೇ ಹೋಗುತ್ತದೆ. ಕರಗಿದ್ದು ಕೊಬ್ಬಲ್ಲ, ನೀರು ಎಂದೆ. ಅದು ಅಸೂಯೆ ಎಂದರು.

ಜಗಳಕ್ಕೆ ಸಾಮಗ್ರಿ ಬೇಕಲ್ಲ, ನಾನೂ ಕುಳಿತು ಓದಿದೆ. 2020ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 116 ಜನರನ್ನು 12 ವಾರ ಗಮನಿಸಿದರು. ಒಂದು ಗುಂಪು ನಮ್ಮವರ ಹಾಗೆಯೇ ಹನ್ನೆರಡರಿಂದ ಎಂಟು. ಇನ್ನೊಂದು ಗುಂಪು ಮಾಮೂಲಿನಂತೆ ಮೂರು ಹೊತ್ತು. ಉಪವಾಸದವರು ಸರಾಸರಿ ಒಂದು ಕಿಲೋ ಕೂಡ ಇಳಿಯಲಿಲ್ಲ. ಮೂರು ಹೊತ್ತು ಉಂಡವರೂ ಹೆಚ್ಚುಕಡಿಮೆ ಅಷ್ಟೇ ಇಳಿದರು. ಆ ತಂಡದ ಹೃದ್ರೋಗ ತಜ್ಞ ಈಥನ್ ವೈಸ್ ತಾವೇ ವರ್ಷಗಳಿಂದ ಹೀಗೆ ಉಣ್ಣುತ್ತಿದ್ದವರು. ಫಲಿತಾಂಶ ನೋಡಿ ಬೆಳಗಿನ ತಿಂಡಿಗೆ ಮರಳಿದರು. ಆ ವೈದ್ಯರ ಹೆಂಡತಿ ಅದೆಷ್ಟು ನೆಮ್ಮದಿಯ ಉಸಿರು ಬಿಟ್ಟಿರಬಹುದು! 2022ರಲ್ಲಿ ಚೀನಾದ ಗುವಾಂಗ್ಝೌನಲ್ಲಿ 139 ಜನರ ಮೇಲೆ ಒಂದು ವರ್ಷ ನಡೆದ ಅಧ್ಯಯನದಲ್ಲಿ ಎರಡೂ ಗುಂಪಿಗೆ ಕ್ಯಾಲೊರಿಯ ಮಿತಿ ಒಂದೇ ಇತ್ತು. ಬೆಳಗ್ಗೆ ಎಂಟರಿಂದ ಸಂಜೆ ನಾಲ್ಕರೊಳಗೆ ಉಂಡವರು 8 ಕಿಲೋ ಇಳಿದರು, ಗಡಿಯಾರ ನೋಡದೆ ಉಂಡವರು 6.3 ಕಿಲೋ. ಆ ಅಂತರವನ್ನು ಗಡಿಯಾರದ ಖಾತೆಗೆ ಬರೆಯಲು ಸಂಖ್ಯಾಶಾಸ್ತ್ರ ಒಪ್ಪಲಿಲ್ಲ. ಅಂದರೆ ಇಳಿಯುವುದು ಕಡಿಮೆ ತಿಂದವರು. ಹೊತ್ತು ಕಟ್ಟಿಕೊಂಡರೆ ಕೆಲವರಿಗೆ ಕಡಿಮೆ ತಿನ್ನುವುದು ಸುಲಭವಾಗುತ್ತದೆ, ಅವರಿಗೆ ಇದು ಫಲಿಸುತ್ತದೆ. ಚೌಚೌ ಬಾತಿನವರಿಗೆ ಫಲಿಸುವುದಿಲ್ಲ.

ಅವರೂ ಬಿಡುವವರಲ್ಲ. "2016ರ ವೈದ್ಯಕೀಯ ನೊಬೆಲ್ ಯಾರಿಗೆ ಬಂತು ಗೊತ್ತೇ?" ಎಂದರು. ಜಪಾನಿನ ಯೋಶಿನೋರಿ ಓಸುಮಿಯವರಿಗೆ, ಹಸಿದ ಜೀವಕೋಶ ತನ್ನೊಳಗಿನ ಕಸವನ್ನು ತಾನೇ ತಿಂದುಕೊಳ್ಳುವ ಬಗೆಯನ್ನು ಬಿಡಿಸಿದ್ದಕ್ಕೆ. ನಿಜ. ಆದರೆ ಅವರು ಹಸಿವಿನಲ್ಲಿಟ್ಟದ್ದು ಬ್ರೆಡ್ ಉಬ್ಬಿಸುವ ಯೀಸ್ಟನ್ನು. ಯೀಸ್ಟಿಗೆ ನಾಲ್ಕು ಗಂಟೆಯ ಮದ್ದೂರು ವಡೆ ಇರಲಿಲ್ಲ. ಹಾಗಾದರೆ ಇಲಿ, ಎಂದರು. ಅಮೆರಿಕದ ಸಾಲ್ಕ್ ಸಂಸ್ಥೆಯಲ್ಲಿ 2012ರಲ್ಲಿ ಕೊಬ್ಬಿನ ಆಹಾರವನ್ನು ಎಂಟು ಗಂಟೆಯೊಳಗೆ ಮಾತ್ರ ತಿಂದ ಇಲಿಗಳು, ಅಷ್ಟೇ ಕ್ಯಾಲೊರಿಯನ್ನು ದಿನವಿಡೀ ಮೇಯುತ್ತಿದ್ದ ಇಲಿಗಳಷ್ಟು ಊದಲಿಲ್ಲ. ಅದೂ ನಿಜ. ದಿನಕ್ಕೆ ಎಂಟು ಗಂಟೆಯೊಳಗೆ ಮಾತ್ರ ಉಣ್ಣುವವರ ಹೃದಯಕ್ಕೆ ಅಪಾಯವಿದೆಯೆಂದು 2024ರಲ್ಲಿ ಬಂದ ಸುದ್ದಿಯನ್ನು ಮಗಳು ತೋರಿಸಿದಾಗ ಮಾತ್ರ ಅವರಿಗೆ ಎಲ್ಲಿಲ್ಲದ ವೈಜ್ಞಾನಿಕ ಮನೋಭಾವ ಬಂತು: ಎರಡು ದಿನ ಏನು ತಿಂದಿರೆಂದು ಕೇಳಿ ಬರೆದುಕೊಂಡ ಲೆಕ್ಕದಿಂದ ಕಾರಣ ಹೇಳಲಾಗದು ಎಂದರು. ಆ ಮಾತು ಸರಿಯೇ. ಇಲಿಯ ವಿಷಯದಲ್ಲೂ ಇಷ್ಟೇ ಎಚ್ಚರ ಇದ್ದಿದ್ದರೆ ಚೆನ್ನಾಗಿತ್ತು. ಆ ಇಲಿಗಳು ಊಟಕ್ಕೆ ಸಿಲ್ಕ್ ಬೋರ್ಡ್ ದಾಟಿ ಬರಬೇಕಿರಲಿಲ್ಲ.

ಇವರ ಕಚೇರಿ ಬೆಳ್ಳಂದೂರಿನಲ್ಲಿ, ಮನೆ ಬನಶಂಕರಿ ಎರಡನೇ ಹಂತದಲ್ಲಿ. ಹೊಟ್ಟೆಗೆ ಎಂಟಕ್ಕೆ ಬಾಗಿಲು ಹಾಕುವ ನಿಯಮ ಮಾಡಿದವರು ಹೊರವರ್ತುಲ ರಸ್ತೆಯನ್ನು ನೋಡಿರಲಿಕ್ಕಿಲ್ಲ. 2025ರ ಆಗಸ್ಟಿನಿಂದ ಹಳದಿ ಮಾರ್ಗದ ಮೆಟ್ರೋ ಓಡುತ್ತಿದೆ, ಸಿಲ್ಕ್ ಬೋರ್ಡಿನಲ್ಲಿ ಹತ್ತಿ ಆರ್.ವಿ. ರಸ್ತೆಯಲ್ಲಿ ಬದಲಾಯಿಸಿದರೆ ಬನಶಂಕರಿ ಎಂದು ಎಷ್ಟು ಹೇಳಿದರೂ ಕಾರನ್ನು ಬಿಡುವುದಿಲ್ಲ. ಕಾರಣ: ಮೆಟ್ರೋದಲ್ಲಿ ತಿನ್ನುವಂತಿಲ್ಲ. 2023ರಲ್ಲಿ ಯಾರೋ ಗೋಬಿ ಮಂಚೂರಿ ತಿಂದು 500 ರೂಪಾಯಿ ದಂಡ ತೆತ್ತ ಸುದ್ದಿ ಅವರಿಗೆ ಬಾಯಿಪಾಠ. ಎಂಟಾಗುವಾಗ ಸೇತುವೆಯ ಮೇಲೆ ಸಿಕ್ಕಿಕೊಂಡರೆ ಏನು ಗತಿ ಎನ್ನುತ್ತಾರೆ.

ಕಳೆದ ಗುರುವಾರ ಏಳಕ್ಕೆ ಫೋನು ಬಂತು: "ಸಿಲ್ಕ್ ಬೋರ್ಡಿನಲ್ಲಿದ್ದೇನೆ. ಊಟಕ್ಕೆ ಏನು?" ಬಿಸಿಬೇಳೆ ಬಾತ್ ಎಂದೆ. ಏಳೂ ಇಪ್ಪತ್ತಕ್ಕೆ ಮತ್ತೆ ಫೋನು: "ಸಿಲ್ಕ್ ಬೋರ್ಡಿನಲ್ಲಿದ್ದೇನೆ." ಏಳೂ ಮೂವತ್ತೈದಕ್ಕೆ ಜಯದೇವ. ಏಳೂ ಐವತ್ತಕ್ಕೆ ನಮ್ಮದೇ ರಸ್ತೆಯ ತಿರುವು. ಅಲ್ಲಿ ನೀರಿನ ಟ್ಯಾಂಕರ್ ಒಂದು ಅಡ್ಡ ನಿಂತು ಹಿಂದೆಯೂ ಹೋಗದೆ ಮುಂದೆಯೂ ಹೋಗದೆ ಇಡೀ ಬೀದಿಯನ್ನು ಕಟ್ಟಿಹಾಕಿತ್ತು. "ಡಬ್ಬಿಯಲ್ಲಿ ಹಾಕಿಕೊಂಡು ಬಾ" ಎಂದರು. ಮೊದಲು ತಮಾಷೆ ಎಂದುಕೊಂಡೆ. "ಹತ್ತೇ ನಿಮಿಷ ಇದೆ, ಬೇಗ!" ಎಂದಾಗ ದನಿಯಲ್ಲಿದ್ದ ಆರ್ತತೆ ಹೆರಿಗೆ ಆಸ್ಪತ್ರೆಗೆ ಕರೆದೊಯ್ಯುವಾಗಲೂ ಇರಲಿಲ್ಲ.

ನೈಟಿಯ ಮೇಲೊಂದು ವೇಲ್ ಹೊದ್ದು, ಸ್ಟೀಲ್ ಡಬ್ಬಿಗೆ ಬಾತ್ ತುಂಬಿ, ಚಮಚ ಹಿಡಿದು ಹೊರಟೆ. ಗೇಟಿನಲ್ಲಿ ಸೆಕ್ಯುರಿಟಿಯವನು "ಯಾರಿಗೆ ಮೇಡಂ?" ಎಂದ. ಸಾಹೇಬರಿಗೆ ಎಂದೆ. "ಅವರು ಇನ್ನೂ ಬಂದಿಲ್ಲ" ಎಂದ. ಅದಕ್ಕೇ ಎಂದೆ. ಕಾರು ಸಿಕ್ಕಿತು. ಕಿಟಕಿಯಿಂದ ಎರಡು ಕೈ ಹೊರಗೆ ಬಂದು ಡಬ್ಬಿಯನ್ನು ಕಿತ್ತುಕೊಂಡವು. ಗಂಟೆ ಏಳೂ ಐವತ್ತಾರು. ಬಾತ್ ಒಲೆಯಿಂದ ಆಗತಾನೇ ಇಳಿದದ್ದು. ಮೊದಲ ಚಮಚಕ್ಕೇ ನಾಲಿಗೆ ಸುಟ್ಟುಕೊಂಡು ಹಾ ಹೂ ಎಂದು ಬಾಯಿಗೆ ಗಾಳಿ ಹಾಕಿಕೊಂಡರು. ಉಫ್ ಎಂದು ಊದುವುದು, ಮೊಬೈಲ್ ನೋಡುವುದು, ನುಂಗುವುದು. ನಾನು ಡಬ್ಬಿಯ ಮುಚ್ಚಳ ಹಿಡಿದು ರಸ್ತೆಯ ನಡುವೆ ನಿಂತಿದ್ದೆ. ಪಕ್ಕದ ಆಟೋದವರು ಬಗ್ಗಿ ನೋಡಿ, "ತುಪ್ಪ ಹಾಕಿದ್ದೀರಾ ಅಕ್ಕಾ? ಘಮ ಎನ್ನುತ್ತಿದೆ" ಎಂದರು. ಟ್ಯಾಂಕರ್ ಸರಿಸಲು ಬಂದಿದ್ದ ಸಂಚಾರ ಪೊಲೀಸಿನವರು ಕಿಟಕಿಯ ಬಳಿ ಬಂದು ಕಾಳಜಿಯಿಂದ, "ಸರ್‌ಗೆ ಶುಗರ್ರಾ ಮೇಡಂ? ತಿನ್ನಲಿ ತಿನ್ನಲಿ, ನಿಧಾನ" ಎಂದು ಹಿಂದಿನವರ ಹಾರನ್ನಿಗೆ ಕೈ ಅಡ್ಡ ಹಿಡಿದರು. ಇಲ್ಲ, ಇವರು ತೂಕ ಇಳಿಸುತ್ತಿದ್ದಾರೆ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಟ್ಯಾಂಕರ್ ಸರಿಯಿತು. ಹಿಂದಿನಿಂದ ಹಾರನ್ನುಗಳು ಒಟ್ಟಿಗೇ ಮೊಳಗಿದವು. ಆಗ ನಮ್ಮವರು ಬಾಯಿ ತುಂಬ ಬಾತ್ ಇಟ್ಟುಕೊಂಡು, ಬಹಳ ಬೇಸರದ ಮುಖದಿಂದ ನನ್ನನ್ನು ನೋಡಿ ಕೇಳಿದ ಒಂದೇ ಮಾತು: "ಖಾರಾಬೂಂದಿ ತರಲಿಲ್ಲವೇ?"

ಅದಕ್ಕೆ ನಾನು ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ಆ ರಾತ್ರಿ ಒಂಬತ್ತಕ್ಕೆ ಅತ್ತೆ, ಮಗಳು, ನಾನು ಊಟಕ್ಕೆ ಕೂತೆವು. ಅವರು ಸೋಫಾದಲ್ಲಿ ನೀರಿನ ಬಾಟಲಿ ಹಿಡಿದು ಕೂತಿದ್ದರು. ಊಟಕ್ಕೆ ಕೂತಾಗ ನನ್ನ ತಟ್ಟೆಯ ಹಪ್ಪಳವನ್ನು ಕೇಳದೆಯೇ ಅರ್ಧ ಮುರಿದುಕೊಳ್ಳುವುದು ಅವರ ಹಳೆಯ ಚಾಳಿ. ತಮ್ಮ ತಟ್ಟೆಯಲ್ಲಿ ಇಡೀ ಹಪ್ಪಳ ಇದ್ದರೂ ಸರಿ, ನನ್ನದಕ್ಕೇ ಕೈ ಹಾಕಬೇಕು. ಇದಕ್ಕೆ ವರ್ಷಗಟ್ಟಲೆ ರೇಗಿದ್ದೇನೆ. ಈಗ ಇಡೀ ಹಪ್ಪಳ ನನ್ನದೇ. ಕಚೇರಿಯಲ್ಲಿ ಯಾರು ಏನೆಂದರು, ಮಗಳ ಕಾಲೇಜಿನಲ್ಲಿ ಏನಾಯಿತು ಎಂಬ ಮಾತುಗಳೆಲ್ಲ ಊಟದ ತಟ್ಟೆಯ ಸುತ್ತಲೇ ಆಗುತ್ತಿದ್ದವು; ಸೋಫಾದವರೆಗೆ ಅವು ಹೋಗುತ್ತಿಲ್ಲ. ಮಗಳು ಬೇಗ ಕೈ ತೊಳೆದು ಕೋಣೆಗೆ ಹೋದಳು.

ಮೇಲಿನ ಮನೆಯವರೂ ಇವರನ್ನು ನೋಡಿ ಶುರುಮಾಡಿದ್ದರು. ಅವರು ನಿಜವಾಗಿಯೂ ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು. ಮಾತ್ರೆ ನುಂಗಿ ತಿಂಡಿ ಬಿಟ್ಟರೆ ಸಕ್ಕರೆ ಪಾತಾಳಕ್ಕೆ ಇಳಿಯಬಹುದು, ಕೇಳದೆ ಇಂಥದ್ದಕ್ಕೆ ಕೈ ಹಾಕಬೇಡಿ ಎಂದು ಅವರ ವೈದ್ಯರು ಚೆನ್ನಾಗಿ ಬೈದು ಕಳಿಸಿದ ಮೇಲೆ ಬಿಟ್ಟರು. ನಮ್ಮವರಿಗೆ ಬೈಯುವ ವೈದ್ಯರು ಇನ್ನೂ ಸಿಕ್ಕಿಲ್ಲ.

ಬರುವ ಭಾನುವಾರ ಕನಕಪುರ ರಸ್ತೆಯ ಕಲ್ಯಾಣ ಮಂಟಪದಲ್ಲಿ ನನ್ನ ಚಿಕ್ಕಮ್ಮನ ಮಗಳ ಆರತಕ್ಷತೆ. ಸಂಜೆ ಏಳರಿಂದ ಎಂದು ಕರೆಯೋಲೆಯಲ್ಲಿದೆ. ಏಳರಿಂದ ಎಂದರೆ ಹುಡುಗ-ಹುಡುಗಿ ವೇದಿಕೆ ಹತ್ತುವುದು ಎಂಟಕ್ಕೆ ಎಂದು ಎಲ್ಲರಿಗೂ ಗೊತ್ತು. "ಮೊದಲ ಪಂಕ್ತಿ ಎಷ್ಟಕ್ಕೆ, ಚಿಕ್ಕಮ್ಮನನ್ನು ಕೇಳು" ಎಂದರು. ನಾನು ಕೇಳುವುದಿಲ್ಲ ಎಂದೆ. ಅವರೇ ಮೊಬೈಲ್ ಹಿಡಿದು ಬಾಲ್ಕನಿಗೆ ಹೋದರು. ಯೋಗಕ್ಷೇಮ, ಮಂಟಪ, ಹುಡುಗನ ಕೆಲಸ ಎಲ್ಲವನ್ನೂ ವಿಚಾರಿಸಿ, ಕೊನೆಗೆ ತಗ್ಗಿದ ದನಿಯಲ್ಲಿ, "ನನಗೆ ಎಂಟರೊಳಗೆ ಊಟ ಆಗಲೇಬೇಕು ಚಿಕ್ಕಮ್ಮಾ" ಎಂದದ್ದು ಕೇಳಿಸಿತು.

ಚಿಕ್ಕಮ್ಮ ಪಾಪ, ಅಳಿಯಂದಿರಿಗೆ ಸಕ್ಕರೆ ಕಾಯಿಲೆ ಬಂದಿದೆಯೆಂದೇ ತಿಳಿದರು. ಎಷ್ಟಿದೆ ಎಂದು ಕೇಳಲು ಸಂಕೋಚ. ಊರಿಗೆಲ್ಲ ಹೇಳಲು ಸಂಕೋಚವಿಲ್ಲ. ನಿನ್ನೆಯಿಂದ ನಮ್ಮ ಕಡೆಯವರ ಸಾಂತ್ವನದ ಫೋನುಗಳು ನಿಂತಿಲ್ಲ. ಮೆಂತ್ಯ ನೆನೆಸಿದ ನೀರು ಕೊಡು ಎಂದು ಒಬ್ಬರು, ಅನ್ನ ಬಿಡಿಸು ಎಂದು ಇನ್ನೊಬ್ಬರು. ಶಿವಮೊಗ್ಗದ ದೊಡ್ಡಮ್ಮ ಮಾತ್ರ ಹಾಗಲಕಾಯಿ ರಸವನ್ನು ಬರಿಹೊಟ್ಟೆಯಲ್ಲಿ ಕುಡಿಸು ಎಂದರು. ಯಾರನ್ನೂ ನಾನು ತಿದ್ದಲು ಹೋಗಿಲ್ಲ. ಸಂಜೆ ಮಾರುಕಟ್ಟೆಗೆ ಹೋಗಿ ಎಳೆಯ ಹಾಗಲಕಾಯಿ ಅರ್ಧ ಕಿಲೋ ತಂದಿದ್ದೇನೆ. ಅದಕ್ಕೂ ಹಾಲು ಬೇಡ, ಸಕ್ಕರೆ ಬೇಡ. ನಾಳೆಯಿಂದ ಶುರು.