ಪಾತಿ ನಿಮ್ಮದು, ಕಳೆ ಎಲ್ಲರದು

ಬಿತ್ತನೆ ಕಾಲದಲ್ಲಿ ಯಾವ ಸಮುದಾಯ ತೋಟಕ್ಕೆ ಹೋದರೂ ಅಲ್ಲಿ ಇರುವವರೆಲ್ಲ ಕೃಷಿ ಪಂಡಿತರೇ. ಒಬ್ಬರು ದಾರ ಹಿಡಿದು ಸಾಲು ನೇರ ಮಾಡುತ್ತಿರುತ್ತಾರೆ. ಇನ್ನೊಬ್ಬರು ಖಾಲಿ ಬೀಜದ ಪೊಟ್ಟಣವನ್ನು ಕಡ್ಡಿಗೆ ಸಿಕ್ಕಿಸಿ, ಇಲ್ಲಿ ಬೀಟ್‌ರೂಟ್ ಬರಲಿದೆ ಎಂದು ಊರಿಗೆಲ್ಲ ಸಾರುತ್ತಿರುತ್ತಾರೆ. ಮತ್ತೊಬ್ಬರ ಕೈಗೆ ಹೊಸ ಗ್ಲೌಸು, ತಲೆಗೆ ಹೊಸ ಟೋಪಿ. ಹಂಚಿಕೊಂಡ ಅಷ್ಟೂ ತುಂಡು ನೆಲ ಅವತ್ತು ಒಂದೇ ಥರ ಕಾಣುತ್ತದೆ: ಕಪ್ಪಗೆ, ಸಪಾಟಾಗಿ, ಭಾರಿ ಭರವಸೆಯಿಂದ.

ಎರಡು ತಿಂಗಳು ಬಿಟ್ಟು ಬನ್ನಿ. ಈಗ ಯಾರ ಪಾತಿ ಯಾವುದು ಅಂತ ದೂರದಿಂದಲೇ ಹೇಳಬಹುದು. ಬೀಟ್‌ರೂಟಿನ ಕಡ್ಡಿ ಇನ್ನೂ ನಿಂತಿರುತ್ತದೆ, ಅದರ ಸುತ್ತ ಬೀಟ್‌ರೂಟ್ ಬಿಟ್ಟು ಉಳಿದಿದ್ದೆಲ್ಲ ಬೆಳೆದಿರುತ್ತದೆ. ಆರಂಭಶೂರರ ತೋಟ ಹಾಳಾಗುವುದು ಬಿತ್ತುವಾಗಲೂ ಅಲ್ಲ, ಕೊಯ್ಯುವಾಗಲೂ ಅಲ್ಲ. ನಡುವೆ ಒಂದು ಕಾಲ ಬರುತ್ತದೆ ನೋಡಿ, ಫೋಟೋ ತೆಗೆಯುವಂಥದ್ದು ಏನೂ ಇಲ್ಲದ, ಬರೀ ಕಳೆ ಕೀಳುವ, ನೀರು ಹಾಕುವ ಕಾಲ. ಎಲ್ಲ ಕೆಡುವುದು ಆಗಲೇ.

ಇದು ಇವತ್ತಿನವರ ಸೋಮಾರಿತನ ಅಂತ ಬೈಯುವವರಿಗೆ ಜರ್ಮನಿಯ ಲೈಪ್‌ಜಿಗ್ ಊರಿನ ಕತೆ ಹೇಳಬೇಕು. 1860ರ ದಶಕದಲ್ಲಿ ಅಲ್ಲಿ ಮಕ್ಕಳ ಆರೋಗ್ಯಕ್ಕೆಂದು ಒಂದು ಸಂಘ ಹುಟ್ಟಿ, ಆಟದ ಮೈದಾನ ಮಾಡಿತು. ಅದಕ್ಕೆ ಇಟ್ಟ ಹೆಸರು ಅದೇ ಊರಿನ ಡಾಕ್ಟರ್ ಶ್ರೇಬರ್ ಅವರದು. ಪಾಪ, ಅವರು 1861ರಲ್ಲೇ ತೀರಿಕೊಂಡಿದ್ದರು, ತೋಟಕ್ಕೂ ಅವರಿಗೂ ಸಂಬಂಧವೇ ಇರಲಿಲ್ಲ. ಮೈದಾನದ ಅಂಚಿನಲ್ಲಿ ಮಕ್ಕಳಿಗಾಗಿ ಪುಟ್ಟ ಪಾತಿಗಳನ್ನು ಮಾಡಿಸಿದವರು ಗೆಸೆಲ್ ಎಂಬ ಮೇಷ್ಟ್ರು. ಮಕ್ಕಳು ಎಷ್ಟು ದಿನ ಕಳೆ ಕಿತ್ತಾರು? ಬೇಜಾರಾಗಿ ಆಟಕ್ಕೆ ಓಡಿದರು. ಪಾತಿಗಳು ಅಪ್ಪ ಅಮ್ಮಂದಿರ ತಲೆಗೆ ಬಂದವು. ಇವತ್ತಿಗೂ ಜರ್ಮನಿಯಲ್ಲಿ ಇಂಥ ತೋಟಕ್ಕೆ ಶ್ರೇಬರ್ ತೋಟ ಅನ್ನುತ್ತಾರೆ. ಅಂದರೆ ಶ್ರೇಬರ್ ತೋಟದ ಸಂಪ್ರದಾಯ ಶುರುವಾಗಿದ್ದೇ ಯಾರೋ ಅರ್ಧಕ್ಕೆ ಕೈಬಿಟ್ಟ ಪಾತಿಯಿಂದ, ಅಲ್ವಾ?

ಕಳೆಯ ವಿಷಯಕ್ಕೆ ಬರೋಣ. ಕಳೆ ಕೀಳಲು ಸರಿಯಾದ ಸಮಯ ಯಾವುದೆಂದರೆ, ಇಲ್ಲಿ ಕಳೆಯೇ ಇಲ್ಲವಲ್ಲ ಅನ್ನಿಸುವ ಸಮಯ. ಕೂತು ಬಗ್ಗಿ ನೋಡಿದರೆ ಮಣ್ಣಿನ ಮೇಲೆ ಹಸಿರು ನೂಲಿನಂಥ ಮೊಳಕೆಗಳು ಕಾಣುತ್ತವೆ, ಒಂದೊಂದಕ್ಕೆ ಎರಡೇ ಎಲೆ. ಬಿಸಿಲಿರುವ ದಿನ ಬೆಳಗ್ಗೆ ಕುರ್ಚಿಗೆಯಿಂದ ಮೇಲೆ ಮೇಲೆ ಕೆರೆದರೆ ಸಾಕು, ಮಧ್ಯಾಹ್ನದೊಳಗೆ ಬೇರು ಒಣಗಿ ಮುಗಿದುಹೋಗುತ್ತವೆ. ಆಳಕ್ಕೆ ಅಗೆಯಬಾರದು. ಅಗೆದರೆ ಕೆಳಗೆ ಮಲಗಿದ್ದ ಹಳೇ ಬೀಜಗಳನ್ನೆಲ್ಲ ಎಬ್ಬಿಸಿ ಬೆಳಕಿಗೆ ತಂದಂತಾಗುತ್ತದೆ. ಮಳೆ ಬಂದ ಮೇಲೆ ಕೆರೆದರೂ ಪ್ರಯೋಜನವಿಲ್ಲ. ಕಿತ್ತಿದ್ದೆಲ್ಲ ಒದ್ದೆ ಮಣ್ಣಿನಲ್ಲಿ ಮತ್ತೆ ಬೇರು ಬಿಟ್ಟು, ಏನೂ ಆಗದವರ ಹಾಗೆ ಎದ್ದು ಕೂರುತ್ತದೆ.

ಈ ಉಪಾಯ ನಡೆಯದ ಇಬ್ಬರು ಮಹಾಶಯರಿದ್ದಾರೆ: ಜೇಕು ಮತ್ತು ಗರಿಕೆ. ಜೇಕನ್ನು ಹಿಡಿದೆಳೆದರೆ ಹುಲ್ಲು ಕೈಗೆ ಬರುತ್ತದೆ, ಗೆದ್ದೆವು ಅಂದುಕೊಳ್ಳುತ್ತೇವೆ. ಕೆಳಗೆ ಕಪ್ಪನೆಯ ಸಣ್ಣ ಗಡ್ಡೆ ಹಾಗೇ ಉಳಿದಿರುತ್ತದೆ. ಅದರಿಂದ ದಾರದಂಥ ಬೇರು ಹೊರಟು ಇನ್ನೊಂದು ಗಡ್ಡೆಗೆ, ಅಲ್ಲಿಂದ ಮತ್ತೊಂದಕ್ಕೆ. ಗರಿಕೆಯೋ, ಗುದ್ದಲಿಯಲ್ಲಿ ಕಡಿದಷ್ಟೂ ತುಂಡುಗಳು. ಗಿಣ್ಣು ಇರುವ ಪ್ರತಿ ತುಂಡಿಗೂ ಹೊಸ ಜೀವ. ಇವೆರಡನ್ನು ಸಾವಧಾನವಾಗಿ, ಮಣ್ಣು ಸಡಿಲಿಸಿ, ಬೇರಿನ ಜಾಡು ಹಿಡಿದು ತೆಗೆಯಬೇಕು. ಸಿಟ್ಟಿನಲ್ಲಿ ಕಿತ್ತರೆ ಅವಕ್ಕೇ ಲಾಭ.

ಹೆಚ್ಚಿನವರು ಮಾಡುವುದು ಇದರ ಉಲ್ಟಾ. ಮೂರು ವಾರ ತಲೆ ಹಾಕುವುದಿಲ್ಲ. ಒಂದು ಭಾನುವಾರ ಬಂದು ಬೆಳಗ್ಗೆಯಿಂದ ಸಂಜೆವರೆಗೆ ಯುದ್ಧ. ಸೋಮವಾರ ಸೊಂಟ ಹಿಡಿದುಕೊಂಡು, ತೋಟ ಅಂದರೆ ಭಾರಿ ಕಷ್ಟ ಸಾರ್ ಅನ್ನುತ್ತಾರೆ. ನನ್ನ ಕೇಳಿದರೆ ವಾರಕ್ಕೆ ಮೂರು ಸಲ ಬಂದು ಅರ್ಧರ್ಧ ಗಂಟೆ ಇರುವುದು ಎಷ್ಟೋ ಮೇಲು. ಆ ಅರ್ಧ ಗಂಟೆಯಲ್ಲೂ ಹತ್ತು ನಿಮಿಷ ಸುಮ್ನೆ ನೋಡುವುದಕ್ಕೇ ಇಡಬೇಕು. ಎಲೆ ಮಗುಚಿ ಕೆಳಗೆ ಮೊಟ್ಟೆ ಇದೆಯಾ ನೋಡಬೇಕು. ಬೆರಳು ಮಣ್ಣಿಗೆ ಚುಚ್ಚಿ ಒಳಗೆ ತೇವ ಇದೆಯಾ ನೋಡಬೇಕು. ದಿನಾ ಮೇಲೆ ಮೇಲೆ ಚಿಮುಕಿಸಿದ ನೀರು ಬೇರಿಗೆ ತಲುಪುವುದಿಲ್ಲ. ಅಪರೂಪಕ್ಕಾದರೂ ಬುಡ ಚೆನ್ನಾಗಿ ನೆನೆದರೆ ಬೇರು ಕೆಳಗಿಳಿಯುತ್ತದೆ.

ಕೊಯ್ಲು ಕೂಡ ಆರೈಕೆಯೇ ಅನ್ನುವುದು ಹೊಸಬರಿಗೆ ಹೊಳೆಯುವುದಿಲ್ಲ. ಬೀನ್ಸ್ ಎಳೆಯದಾಗಿರುವಾಗಲೇ ಕೀಳುತ್ತಿದ್ದರೆ ಬಳ್ಳಿ ಹೂ ಬಿಡುತ್ತಲೇ ಇರುತ್ತದೆ. ನಾಲ್ಕು ಕಾಯಿ ಬಲಿತು ಒಳಗೆ ಕಾಳು ಕಟ್ಟಿತೋ, ತನ್ನ ವಂಶ ಉಳಿಯಿತು ಎಂದು ಬಳ್ಳಿ ಕೈ ತೊಳೆದುಕೊಳ್ಳುತ್ತದೆ. ಸೌತೆಯೂ ಅಷ್ಟೆ. ಎಲೆ ಮರೆಯಲ್ಲಿ ಒಂದು ಕಾಯಿ ಯಾರ ಕಣ್ಣಿಗೂ ಬೀಳದೆ ಹಳದಿಯಾಗಿ ಊದಿಕೊಂಡು ಮಲಗಿದ್ದರೆ, ಮಿಡಿ ಬಿಡುವುದೇ ಕಮ್ಮಿಯಾಗುತ್ತದೆ.

ಇದೆಲ್ಲ ನನ್ನ ಪಾತಿಯ ವ್ಯವಹಾರ, ನಿಮಗೇನು ಅಂತ ಕೇಳುವ ಹಾಗಿಲ್ಲ. ಹಂಚಿಕೆ ತೋಟದ ತಮಾಷೆಯೇ ಅದು. ನಿಮ್ಮ ಕಳೆ ಹೂ ಬಿಟ್ಟು ಬೀಜವಾದರೆ ಗಾಳಿಗೆ ಬೇಲಿ ಇಲ್ಲ. ಟೊಮೆಟೊಗೂ ಆಲೂಗಡ್ಡೆಗೂ ಬರುವ ಅಂಗಮಾರಿ ರೋಗ ಒಂದೇ, 1845ರಿಂದ ಐರ್ಲೆಂಡಿನ ಆಲೂ ಬೆಳೆಯನ್ನು ನೆಲಕಚ್ಚಿಸಿದ್ದೂ ಅದೇ. ತಂಪು, ತೇವ ಸಿಕ್ಕರೆ ಗಾಳಿಯಲ್ಲಿ ಪಕ್ಕದ ಸಾಲಿಗೆ ಹಾರುತ್ತದೆ. ಕಪ್ಪು ಮಚ್ಚೆ ಬಿದ್ದ ಗಿಡವನ್ನು ಪಾಪ ಅಂತ ಉಳಿಸಿಕೊಂಡವರು ಇಡೀ ತೋಟದ ಶಾಪ ಹೊರುತ್ತಾರೆ.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಎರಡು ಪಾತಿಗಳ ನಡುವಿನ ಕಾಲುದಾರಿ. ಅದು ಯಾರದೂ ಅಲ್ಲ, ಆದ್ದರಿಂದ ಅಲ್ಲಿನ ಹುಲ್ಲು ಇಬ್ಬರದೂ ಅಲ್ಲ. ನೆಲ ಮಾತ್ರ ಇಬ್ಬರಿಗೂ ಬೇಕು. ಈ ಕಡೆಯವರು ಅಗೆಯುವಾಗ ಒಂದು ಬೆರಳು ಈಚೆ ಎಳೆದುಕೊಳ್ಳುತ್ತಾರೆ, ಆ ಕಡೆಯವರೂ ಅಷ್ಟೇ. ಕೊನೆಗೆ ತಳ್ಳುಗಾಡಿ ಹೋಗುತ್ತಿದ್ದಲ್ಲಿ ಬೆಕ್ಕು ಹೋಗುವುದೂ ಅನುಮಾನ.

ಹಾಗಾಗಿ ಕಾನೂನು. ಬ್ರಿಟನ್ನಿನಲ್ಲಿ 1908ರ ಕಾಯ್ದೆ, ಜನ ಕೇಳಿದರೆ ತೋಟಕ್ಕೆ ನೆಲ ಒದಗಿಸುವ ಹೊಣೆಯನ್ನು ಸ್ಥಳೀಯ ಆಡಳಿತಕ್ಕೆ ಹೊರಿಸಿತು. ಅಲ್ಲಿ ಹಳೇ ಲೆಕ್ಕದ ಒಂದು ತುಂಡು ಅಂದರೆ ಸುಮಾರು 250 ಚದರ ಮೀಟರ್. ಜರ್ಮನಿಯ 1983ರ ಕಾಯ್ದೆಯಂತೂ ತೋಟದೊಳಗಿನ ಗುಡಿಸಲು 24 ಚದರ ಮೀಟರ್ ಮೀರಬಾರದು ಅಂತ ಅಳತೆ ಕೊಟ್ಟಿದೆ. ಇಷ್ಟು ಬರೆದವರು ಕಾಲುದಾರಿಯ ಹುಲ್ಲಿಗೂ ಒಂದು ಸಾಲು ಬರೆದಿದ್ದರೆ ಎಷ್ಟೋ ಸ್ನೇಹ ಉಳಿಯುತ್ತಿತ್ತು.

ನನಗೆ ಕಾನೂನಿಗಿಂತ ಅರ್ಧ ಪಾತಿಯ ಮೇಲೆ ನಂಬಿಕೆ ಜಾಸ್ತಿ. ಹೊಸಬರಿಗೆ 250 ಚದರ ಮೀಟರ್ ಕೊಡುವುದು ಅವರನ್ನು ಓಡಿಸುವ ಸುಲಭ ದಾರಿ. ಅರ್ಧವೋ ಕಾಲು ಭಾಗವೋ ಕೊಡಲಿ. ಉಳಿದಿದ್ದಕ್ಕೆ ರಟ್ಟು ಹಾಸಿ, ಮೇಲೆ ತರಗೆಲೆ ಸುರಿದು ಬಿಡಲಿ. ಬೆಳಕಿಲ್ಲದ ಕಡೆ ಹೆಚ್ಚಿನ ಕಳೆಗಳು ಸೊರಗುತ್ತವೆ. ಹಾಗಂತ ಒಂದು ಹುಲ್ಲುಕಡ್ಡಿಯೂ ಇರಕೂಡದು ಅನ್ನುವ ಅತಿ ಶಿಸ್ತಿನವರ ಪಕ್ಷವೂ ನನ್ನದಲ್ಲ. ಮೂಲೆಯಲ್ಲಿ ಒಂದಿಷ್ಟು ಪೊದೆ ಇದ್ದರೆ ಗಿಡದ ಹೇನು ತಿನ್ನುವ ಗುಲಗಂಜಿ ಹುಳಕ್ಕೆ ಮನೆಯಾಗುತ್ತದೆ.

ಇನ್ನು ಊರಿಗೆ ಹೋಗುವವರ ಪಾತಿ. ಪಕ್ಕದವರನ್ನು ಕೇಳದೆ ಗತಿಯಿಲ್ಲ. "ಒಂದು ವಾರ ಇರಲ್ಲ, ಸ್ವಲ್ಪ ನೀರು ಹಾಕ್ತೀರಾ? ಬೀನ್ಸ್ ಆಗಿದ್ದರೆ ನೀವೇ ಕಿತ್ಕೊಳ್ಳಿ." ಕೇಳಲು ಭಾರಿ ಔದಾರ್ಯ. ಕೀಳದಿದ್ದರೆ ಬಳ್ಳಿ ನಿಂತುಹೋಗುತ್ತದೆ ಅನ್ನುವುದು ಇಬ್ಬರಿಗೂ ಗೊತ್ತು.

"ಆಯ್ತು ಬಿಡಿ, ಹಾಕ್ತೀನಿ."

"ಸೌತೆಕಾಯಿನೂ ತಗೊಳ್ಳಿ."

"ಅದೊಂದು ಬೇಡ. ನಮ್ಮದನ್ನೇ ಯಾರಿಗೆ ಕೊಡೋದು ಅಂತ ನಿಮ್ಮನ್ನ ಹುಡುಕ್ತಾ ಇದ್ದೆ."