ಒಣ ದಿನದ ನಾನೂರು ಲೀಟರ್ ಮಳೆ

ದೀಪಾವಳಿ ಕಳೆದ ಮೇಲೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಯಾರ ಮನೆಗೆ ಹೋದರೂ ಅವರು ಮೊದಲು ನೋಡುವುದು ಆಕಾಶವನ್ನು, ಆಮೇಲೆ ನಿಮ್ಮನ್ನು. ಅಂಗಳದಲ್ಲಿ ಬೇಯಿಸಿದ ಅಡಿಕೆ ಹರವಿರುತ್ತದೆ. ಅದಕ್ಕೆ ಆರೇಳು ದಿನದ ಒಳ್ಳೆ ಬಿಸಿಲು ಬೇಕು. ಸ್ವಾತಿ, ವಿಶಾಖಾ ಮಳೆಗಳಿಗೆ ಅಷ್ಟು ದಿನ ಸುಮ್ಮನಿದ್ದು ಅಭ್ಯಾಸವಿಲ್ಲ.

ಮೊಬೈಲಿನಲ್ಲಿ ವಾರದ ಮುನ್ಸೂಚನೆ ತೆರೆದರೆ ಏಳು ದಿನಕ್ಕೂ ಒಂದೇ ಚಿತ್ರ: ಅರ್ಧ ಸೂರ್ಯ, ಅರ್ಧ ಮೋಡ, ಕೆಳಗೆರಡು ಹನಿ, ಪಕ್ಕದಲ್ಲಿ ಶೇ. 40. ಏನೇ ಆದರೂ ತಪ್ಪಾಗದ ಚಿತ್ರ ಅದು. ಇಂಥ ಹತ್ತು ದಿನಗಳಲ್ಲಿ ನಾಲ್ಕು ದಿನ ಮಳೆ ಬರುತ್ತದೆ ಅಂತ ಅದರ ಅರ್ಥ. ಯಾವ ನಾಲ್ಕು ಅಂತ ಮಾತ್ರ ಕೇಳಬಾರದು.

ಹವಾಮಾನ ಇಲಾಖೆಯ ಲೆಕ್ಕಕ್ಕೂ ಅಂಗಳದ ಲೆಕ್ಕಕ್ಕೂ ತಾಳೆಯೇ ಆಗುವುದಿಲ್ಲ. 24 ಗಂಟೆಯಲ್ಲಿ 2.5 ಮಿ.ಮೀ. ಆದರಷ್ಟೇ ಇಲಾಖೆಗೆ ಅದು ಮಳೆ ದಿನ. 2 ಮಿ.ಮೀ. ಬಿದ್ದರೆ ಲೆಕ್ಕಕ್ಕಿಲ್ಲ. ಆದರೆ 1 ಮಿ.ಮೀ. ಅಂದರೆ ಚದರ ಮೀಟರಿಗೆ 1 ಲೀಟರ್ ನೀರು. 10 ಮೀಟರ್ ಅಗಲ, 20 ಮೀಟರ್ ಉದ್ದದ ಅಂಗಳಕ್ಕೆ ಆ ಲೆಕ್ಕಕ್ಕಿಲ್ಲದ ದಿನ 400 ಲೀಟರ್ ಸುರಿದಿರುತ್ತದೆ. ಹದಿನೈದು ಲೀಟರಿನ ಕೊಡದಲ್ಲಿ ಇಪ್ಪತ್ತಾರು ತುಂಬಿ ಮಿಕ್ಕುವಷ್ಟು. ಇಲಾಖೆಯ ‘ಭಾರಿ ಮಳೆ’ ಶುರುವಾಗುವುದು 64.5 ಮಿ.ಮೀ.ನಿಂದ. ಅಷ್ಟು ಬಂದರೆ ಅಡಿಕೆ ನೆನೆಯುತ್ತ ಕೂರುವುದಿಲ್ಲ, ಬಂದ ದಾರಿಯಲ್ಲೇ ತೋಟಕ್ಕೆ ಹೊರಡುತ್ತದೆ. ಅಳತೆಯೂ ಬೆಳಿಗ್ಗೆ ಎಂಟೂವರೆಯಿಂದ ಮರುದಿನ ಎಂಟೂವರೆವರೆಗೆ. ಮಂಗಳವಾರ ಸಂಜೆಯ ಮಳೆ ಬುಧವಾರದ ಖಾತೆಗೆ ಜಮಾ, ಬುಧವಾರವಿಡೀ ಬಿಸಿಲು ಚುರುಗುಟ್ಟಿದರೂ.

ವಾರದ ಮೊದಲರ್ಧಕ್ಕೆ ಒಂದು ಕ್ರಮವಿದೆ. ಮುಂಜಾನೆ ಮಂಜು, ಹತ್ತಕ್ಕೆ ಬಿಸಿಲು, ಒಂದಕ್ಕೆ ಬೆವರು, ನಾಲ್ಕಕ್ಕೆ ಗುಡುಗು. ನೆಲದ ತೇವ ಕಾದು ಮೇಲೇರಿ ಗುಡ್ಡದ ತಲೆ ಮೇಲೆ ಕಟ್ಟುವ ಈ ಮೋಡ ಕೆಲವೇ ಕಿಲೋಮೀಟರ್ ಅಗಲದ್ದು. ಮುನ್ಸೂಚನೆಯ ಲೆಕ್ಕ ನೆಲವನ್ನು ಚೌಕಗಳಾಗಿ ಹಂಚಿಕೊಂಡು ನಡೆಯುತ್ತದೆ; 2025ರ ಮೇನಲ್ಲಿ ಬಂದ ಭಾರತ್ ಫೋರ್ಕಾಸ್ಟ್ ಸಿಸ್ಟಮ್ ಎಂಬ ಹೊಸ ಮುನ್ಸೂಚನೆ ವ್ಯವಸ್ಥೆ 12 ಕಿ.ಮೀ. ಇದ್ದ ಆ ಚೌಕವನ್ನು 6ಕ್ಕಿಳಿಸಿತು. ಒಳ್ಳೆಯದೇ. ಆದರೂ ಪೇಟೆಯಲ್ಲಿ ಚರಂಡಿ ಉಕ್ಕುವಾಗ ಬಸ್‌ಸ್ಟ್ಯಾಂಡಿನಾಚೆ ಧೂಳು ಏಳುತ್ತಿರುತ್ತದೆ.

ನಾಲ್ಕು ಹನಿ ಬಿದ್ದವೋ, “ಮಾರಾಯ್ತಿ, ಟಾರ್ಪಾಲು ಎಲ್ಲಿ?” 18×24 ಅಡಿಯದಕ್ಕೆ ಇಬ್ಬರು ಸಾಕು, ಗಾಳಿಯಿದ್ದರೆ ನಾಲ್ವರು. ಗಾಳಿ ಬರುವ ಕಡೆಯ ಅಂಚಿಗೆ ಮೊದಲು ಕಲ್ಲು ಹೇರಿ, ಆಮೇಲೆ ಬಿಡಿಸಬೇಕು. ಎಲ್ಲರೂ ಮೊದಲು ಬಿಡಿಸಿ, ಹಾರಿಸಿ, ಅಟ್ಟಿಸಿಕೊಂಡು ಹೋಗಿ, ಆಮೇಲೆ ಕಲ್ಲು ಹುಡುಕುತ್ತಾರೆ. ಎರಡು ಟಾರ್ಪಾಲು ಕೂಡುವಲ್ಲಿ ಇಳಿಜಾರಿನ ಮೇಲ್ಗಡೆಯದು ಕೆಳಗಿನದರ ಮೇಲೆ ಒಂದಡಿ ಬರಬೇಕು, ಹೆಂಚು ಹೊದೆಸಿದ ಹಾಗೆ. ಅದಲುಬದಲಾದರೆ ನೀರೆಲ್ಲ ಒಳಗೆ. ನಡುವೆ ಬಿದಿರ ಗಳು ಕೊಟ್ಟು ಗೇಣೆತ್ತರ ಎತ್ತದಿದ್ದರೆ ಮೇಲೊಂದು ಕೆರೆ ನಿಲ್ಲುತ್ತದೆ, ಕೆಳಗೆ ಅಡಿಕೆಯ ಹಬೆ ಒಳಮೈಗೆ ಹನಿಗಟ್ಟಿ ಅಡಿಕೆಗೇ ತೊಟ್ಟಿಕ್ಕುತ್ತದೆ. ಬೆಳಿಗ್ಗೆ ತೆಗೆಯುವಾಗ ಮೇಲಂಚಿನಿಂದ ಸುರುಳಿ ಸುತ್ತುತ್ತ ಇಳಿಜಾರಿಗೆ ಬರಬೇಕು. ಸರ್ರನೆ ಎಳೆದರೆ, ರಾತ್ರಿಯಿಡೀ ಮಳೆಗೆ ಸಾಧ್ಯವಾಗದ್ದನ್ನು ಮನೆ ಯಜಮಾನರು ಒಂದೇ ಎಳೆತಕ್ಕೆ ಮುಗಿಸಿರುತ್ತಾರೆ.

ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಹಾಳೆಯ ಪಾಲಿಹೌಸ್ ಕಟ್ಟಿದವರು ನೆಮ್ಮದಿಯಾಗಿದ್ದಾರೆ ಅಂದುಕೊಳ್ಳಬೇಡಿ. ಮಳೆ ಬಂತೆಂದು ಎರಡೂ ತುದಿ ಮುಚ್ಚಿದರೆ ಒಳಗೇ ಮಳೆ.

ನಿಜವಾದ ವೈರಿ ಗುರುವಾರದ ಹೊತ್ತಿಗೆ ಬರುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ತಮಿಳುನಾಡಿನ ಕರಾವಳಿ ತೊಯ್ದರೆ, ಅದರ ಮೋಡದ ಬಾಲ ಮಲೆನಾಡಿಗೆ. ಗುಡುಗಿಲ್ಲ, ಸುರಿತವಿಲ್ಲ, ಎರಡು ದಿನ ಬೂದು ಆಕಾಶ ಮತ್ತು ಜಿಟಿಜಿಟಿ. ಬಂದುಹೋಗುವ ಮಳೆಗಿಂತ ಇದು ಕೆಟ್ಟದ್ದು. ಹಸಿ ಅಡಿಕೆಯನ್ನು ಜಗಲಿಯಲ್ಲಿ ರಾಶಿ ಹಾಕಿದರೆ ಒಳಗೇ ಕಾವೆದ್ದು ಬೂಸ್ಟು ಹಿಡಿಯುತ್ತದೆ. ಆದ್ದರಿಂದ ಹಜಾರ, ಪಡಸಾಲೆ, ಮಂಚದಡಿ, ಎಲ್ಲಿ ನೆಲ ಕಂಡರೂ ತೆಳ್ಳಗೆ ಹರವಿ, ಫ್ಯಾನ್ ಹಾಕಿ, ಆಗಾಗ ಕೈಯಾಡಿಸಬೇಕು. ಮೋಡ ಬಂದಾಗ ಕರೆಂಟ್ ಹೋಗುವುದು ಬೇರೆ ಮಾತು. ಒಲೆ ಮೇಲಿನ ಅಟ್ಟಕ್ಕೇರಿಸಿದರೆ ಒಣಗೀತು, ಹೊಗೆ ವಾಸನೆಯನ್ನು ಮಂಡಿಯವರ ಮೂಗು ಮಾತ್ರ ಬಿಡುವುದಿಲ್ಲ. ಎರಡು ದಿನ ಅಡಿಕೆ ಮಲಗುವ ಕೋಣೆಯಲ್ಲಿ, ಮನೆಯವರು ಕಾಲಿಡಲು ಜಾಗವಿದ್ದಲ್ಲಿ.

ಭಾನುವಾರಕ್ಕೆ ಖಡಕ್ ಬಿಸಿಲು. ಅಂದು ಎಲ್ಲರೂ ನೆಂಟರ ಗೃಹಪ್ರವೇಶಕ್ಕೆ ಹೋಗಿರುತ್ತಾರೆ. ಹೋಗುವ ಮೊದಲು, ಶೇ. 40 ನೋಡಿ, ಅಂಗಳದ ಅಡಿಕೆಗೆ ಟಾರ್ಪಾಲು ಹೊದೆಸಿ, ಈ ಸಲ ಕಲ್ಲನ್ನೂ ಸರಿಯಾಗಿಯೇ ಇಟ್ಟಿರುತ್ತಾರೆ.