ಒಳಹರಿವು, ಹೊರಹರಿವು

ಮಗನಿಗೆ ಹದಿನೆಂಟು ತುಂಬಿ, ಮೈಸೂರಿನ ಕಾಲೇಜಿನಲ್ಲಿ ಸೀಟು ಸಿಕ್ಕಿ, ಹಾಸ್ಟೆಲಿಗೆ ಹೊರಡುವ ಹಿಂದಿನ ರಾತ್ರಿ ಹೆಂಡತಿ ಚಟ್ನಿಪುಡಿಯ ಡಬ್ಬಿಗೆ ಮುಚ್ಚಳ ಬಿಗಿಯುತ್ತಾ, "ನೀವೂ ಅವನಿಗೆ ನಾಲ್ಕು ಮಾತು ಹೇಳಿ" ಎಂದಳು. ಹಾಸಿಗೆ, ಬಕೆಟ್, ಉಪ್ಪಿನಕಾಯಿ, ತಲೆಗೆ ಹಚ್ಚುವ ಎಣ್ಣೆ ಎಲ್ಲವೂ ಅವಳ ಖಾತೆಯಲ್ಲಿ ಮುಗಿದಿದ್ದವು. ನನ್ನ ಪಾಲಿಗೆ ಉಳಿದದ್ದು ಉಪದೇಶ. ಖರ್ಚಿಲ್ಲದ ಬಾಬತ್ತು ಎಂದು ಖುಷಿಯಿಂದಲೇ ಒಪ್ಪಿಕೊಂಡೆ. ಫ್ರಿಜ್ಜಿನ ಮೇಲೆ ಸಿಕ್ಕ ಉದ್ದನೆಯ ಚೀಟಿಯೊಂದರ ಹಿಂಬದಿ ಖಾಲಿಯಿತ್ತು. ಬರೆಯಲು ಕುಳಿತೆ. ನಾಲ್ಕು ಮಾತು ಎಂದದ್ದು ಹನ್ನೊಂದಾಯಿತು.

ನನ್ನ ಅಪ್ಪನಿಗೆ ಇದಕ್ಕೆಲ್ಲ ಕಾಗದ ಬೇಕಿರಲಿಲ್ಲ, ಕನ್ನಂಬಾಡಿ ಕಟ್ಟೆಯೊಂದೇ ಸಾಕಿತ್ತು. ವಿಶ್ವೇಶ್ವರಯ್ಯ ನಾಲೆಯ ಬಾಲದಂಚಿನಲ್ಲಿ ಎರಡು ಎಕರೆ ಗದ್ದೆ ಇದ್ದವರು. ಬಾಲದಂಚಿನವನಿಗೆ ನೀರು ಮುಟ್ಟುವುದು ಮೇಲಿನವರೆಲ್ಲ ಸಾಕೆಂದ ಮೇಲೆ. ಹಾಗಾಗಿ ಪತ್ರಿಕೆ ಬಿಡಿಸಿದರೆ ಯುದ್ಧ, ಚುನಾವಣೆ, ಕ್ರಿಕೆಟ್ ಎಲ್ಲವನ್ನೂ ದಾಟಿ ನೇರವಾಗಿ ಮೂಲೆಯ ಆ ಪುಟ್ಟ ಚೌಕಕ್ಕೆ ಹೋಗುತ್ತಿದ್ದರು: ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಇಡೀ ಸಂಸಾರವನ್ನು ಅವರು ಆ ನಾಲ್ಕು ಸಾಲಿನಲ್ಲೇ ನಡೆಸಿದರು. ಸೈಕಲ್ಲಿಗೆ ಡೈನಮೊ ಬೇಕೆಂದರೆ "ಒಳಹರಿವು ಎಷ್ಟಿದೆ?" ಎನ್ನುತ್ತಿದ್ದರು. ಗಣಿತದಲ್ಲಿ ಫೇಲಾದಾಗ ಅಂಕಪಟ್ಟಿಯನ್ನು ಬೆಳಕಿಗೆ ಹಿಡಿದು, "ಹೂಳು ತುಂಬಿದೆ" ಎಂದು ಮಡಚಿ ಕೊಟ್ಟರು. ಮಂಡ್ಯದಲ್ಲಿ ಜೋರು ಮಳೆ ಸುರಿಯಿತೆಂದು ನಾನು ಕುಣಿದರೆ, "ಕಟ್ಟೆ ತುಂಬುವುದು ಇಲ್ಲಿನ ಮಳೆಗಲ್ಲ, ಕೊಡಗಿನ ಮಳೆಗೆ" ಎಂದು ಪಡುವಣ ದಿಕ್ಕಿಗೆ ಗದ್ದ ತೋರಿಸುತ್ತಿದ್ದರು. ಒಮ್ಮೆಯೂ ನಕ್ಕವರಲ್ಲ.

1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದಾಗ ನನಗೂ ಸರಿಯಾಗಿ ಹದಿನೆಂಟು. ಆ ನವೆಂಬರಿನಲ್ಲಿ ಮೊದಲ ಮತ ಹಾಕಲು ಬಿಳಿ ಅಂಗಿ ತೊಟ್ಟು ಹೊರಟವನಿಗೆ ಅಪ್ಪ, "ಅದು ಮೈಸೂರಿನ ಶಾಯಿ. ಒಣಗುವ ತನಕ ಬೆರಳು ದೂರ ಇಡು" ಎಂದರು. ನಾನು ಮತಗಟ್ಟೆಯಿಂದ ಹೊರಬಂದವನೇ ಜೇಬಿನಿಂದ ಬಾಚಣಿಗೆ ತೆಗೆದೆ. ಆ ಶಾಯಿಯಲ್ಲಿ ಸಿಲ್ವರ್ ನೈಟ್ರೇಟ್ ಇರುತ್ತದೆ, ಬೆಳಕು ತಾಗಿದಂತೆ ಕಪ್ಪಾಗುತ್ತದೆ ಎಂದು ರಸಾಯನಶಾಸ್ತ್ರದಲ್ಲಿ ಓದಿದ್ದೆ. ನನ್ನ ಅಂಗಿ ಅದನ್ನು ನನಗಿಂತ ಚೆನ್ನಾಗಿ ಓದಿಕೊಂಡಿತ್ತು. ಕೊನೆಗೆ ನೆಲ ಒರೆಸುವ ಬಟ್ಟೆಯಾದ ಮೇಲೂ ಆ ಜೇಬಿನ ಮೇಲೆ ನನ್ನ ಹಕ್ಕು ಚಲಾವಣೆಯಾದ ಗುರುತಿತ್ತು.

ಇಷ್ಟೆಲ್ಲ ಅನುಭವವಿರುವ ತಂದೆಯ ಮಾತನ್ನು ಮಗ ಕೇಳದಿರುವುದುಂಟೇ? ಚೀಟಿಯ ಮೊದಲ ಸಾಲಿನಲ್ಲಿ ಅಪ್ಪನದ್ದನ್ನೇ ಬರೆದೆ: ಒಳಹರಿವು ನೋಡಿ ಹೊರಹರಿವು ಬಿಡು.

ಮರುದಿನ ಸಾಮಾನೆಲ್ಲ ಭಾವಮೈದುನನ ಕಾರಿನಲ್ಲಿ ಮುಂದೆ ಹೋಯಿತು. ಕಾರಿನಲ್ಲಿ ನಮಗೂ ಜಾಗವಿತ್ತು, ಆದರೆ ಉಪದೇಶಕ್ಕೆ ಏಕಾಂತ ಬೇಕೆಂದು ನಾನು ಸ್ಕೂಟರ್ ತೆಗೆದೆ. ಎಕ್ಸ್‌ಪ್ರೆಸ್‌ ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟಿನಿಂದ ದ್ವಿಚಕ್ರ ವಾಹನ ಬಿಡುವುದಿಲ್ಲವಾದ್ದರಿಂದ ಸರ್ವಿಸ್ ರಸ್ತೆಯೇ ಗತಿ. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಎರಡು, ಎದುರುಗಾಳಿ, ಪಕ್ಕದಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್. ನಾನು ಹೇಳಿದ ಮಾತು ನನ್ನ ಹೆಲ್ಮೆಟ್ಟಿನೊಳಗೇ ಒಂದು ಸುತ್ತು ಹೊಡೆದು ನನ್ನ ಕಿವಿಗೇ ಬರುತ್ತಿತ್ತು.

"ಸಾಲ ಮಾಡಬೇಡ!" ಎಂದು ಕಿರುಚಿದೆ.

"ಶಾಲು ಬೇಡಪ್ಪಾ, ಸೆಕೆ!" ಎಂದ ಹಿಂದಿನಿಂದ.

"ಗೆಳೆಯರು... ಗೆಳೆಯರನ್ನು ನೋಡಿ..."

"ಎಳನೀರಾ? ಆಯಿತು, ನಿಲ್ಲಿಸಿ."

ನಿಲ್ಲಿಸಿದೆ. ಇನ್ನೇನು ಮಾಡುವುದು, ಎದುರಿಗೇ ಎಳನೀರಿನ ರಾಶಿ ಇತ್ತು. ಗಂಜಿ ಕೆರೆಸಿಕೊಂಡು ತಿಂದು ಮುಗಿಸುವಷ್ಟರಲ್ಲಿ ಕಿಸೆಯಲ್ಲಿದ್ದ ಒಂದೇ ಒಂದು ನೂರರ ನೋಟು ಕರಗಿತ್ತು.

ಬಾಬುರಾಯನಕೊಪ್ಪಲು ಇನ್ನೂ ಸಿಕ್ಕಿರಲಿಲ್ಲ, ಸ್ಕೂಟರ್ ಎರಡು ಸಲ ಬಿಕ್ಕಳಿಸಿ ಉಸಿರು ಬಿಟ್ಟಿತು. ಪೆಟ್ರೋಲ್ ಮುಳ್ಳು 'ಅರ್ಧ' ಎನ್ನುತ್ತಿತ್ತು. ಎರಡು ವರ್ಷದಿಂದಲೂ ಅದು ಹಾಗೆಯೇ ಎನ್ನುತ್ತಿದೆ. ಮನೆಯಲ್ಲಿ ಆಶಾವಾದಿ ಎನ್ನಬಹುದಾದ ಒಂದೇ ವಸ್ತು ಅದು, ರಿಪೇರಿ ಮಾಡಿಸಲು ಮನಸ್ಸು ಬಂದಿರಲಿಲ್ಲ. ಸ್ಕೂಟರನ್ನು ಎಡಕ್ಕೆ ಒರಗಿಸಿದೆ, ಬಲಕ್ಕೆ ಒರಗಿಸಿದೆ, ಹಟ ಮಾಡುವ ಮಗುವನ್ನು ತೂಗುವಂತೆ ತೂಗಿದೆ. ಟ್ಯಾಂಕಿನ ಮುಚ್ಚಳ ತೆಗೆದು ಮಗ ಒಳಗೆ ಇಣುಕಿದ. "ತಳ ಕಾಣುತ್ತಿದೆಯಪ್ಪಾ, ಹೂಳೂ ಇಲ್ಲ" ಎಂದ. ಚೀಟಿಯಲ್ಲಿ ಐದನೆಯದು 'ಹೊರಡುವ ಮುನ್ನ ಎಲ್ಲವನ್ನೂ ಪರೀಕ್ಷಿಸಿಕೋ' ಎಂದಿತ್ತು. ಅದನ್ನು ಆ ಕ್ಷಣ ಹೇಳಲು ಧೈರ್ಯ ಸಾಲಲಿಲ್ಲ.

ಒಂದು ಕಿಲೋಮೀಟರ್ ತಳ್ಳಿಕೊಂಡು ಬಂಕ್ ಸೇರಿದೆವು. ಇನ್ನೂರರಷ್ಟು ಹಾಕಿಸಿ ಮೊಬೈಲ್ ತೆಗೆದೆ. ಮೊದಲು ನನ್ನ ಹುಟ್ಟಿದ ವರ್ಷ ಒತ್ತಿದೆ. ಅಲ್ಲ ಎಂದಿತು. ಮದುವೆಯ ವರ್ಷ ಒತ್ತಿದೆ, ಅದೂ ಅಲ್ಲ. ಮೂರನೆಯ ಸಲ ಏನು ಒತ್ತಿದೆನೋ, ಇನ್ನು 24 ಗಂಟೆ ನನ್ನನ್ನು ಮುಟ್ಟಬೇಡ ಎಂದುಬಿಟ್ಟಿತು. ಹಿಂದೆ ನಿಂತಿದ್ದ ಆಟೋದವರು ಹಾರ್ನ್ ಒತ್ತಿದರು. ಮಗ ಏನೂ ಮಾತಾಡದೆ ತನ್ನ ಮೊಬೈಲನ್ನು ಚಾಚಿ ದುಡ್ಡು ಕಟ್ಟಿದ. ಹೆಲ್ಮೆಟ್ ಹಾಕಿಕೊಳ್ಳುವಾಗ ಕೇಳಿದ: "ಅಪ್ಪಾ, ಆಗ ನೀವು ಹೇಳಿದ್ದು ಶಾಲು ಅಲ್ಲ, ಸಾಲ ಅಲ್ಲವೇ?"

ಮೈಸೂರಿನಲ್ಲಿ ದೇವರಾಜ ಮಾರುಕಟ್ಟೆಗೆ ಕರೆದೊಯ್ದು ಚೌಕಾಸಿ ಕಲಿಸಿದ ಕಥೆಯನ್ನು ಬಿಡುತ್ತೇನೆ. ಮಗನ ದುಡ್ಡಿನ ಬಾಳೆಹಣ್ಣಿಗೆ ಹತ್ತು ರೂಪಾಯಿ ಇಳಿಸಿದ ಸಂಭ್ರಮದಲ್ಲಿ ಕೊಡೆಯನ್ನು ಅಲ್ಲೇ ಬಿಟ್ಟು ಬಂದೆ ಎಂದರೆ ಸಾಕು.

ಹಾಸ್ಟೆಲಿನ ಗೇಟಿನಲ್ಲಿ ಚೀಟಿಯನ್ನು ಕೈಗಿತ್ತೆ. ಅವನು ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಸೇರಿಸಿ, "ನಿಧಾನವಾಗಿ ಓದುತ್ತೇನೆ" ಎಂದ. ಓದುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಜೇಬಿನ ಮೇಲೆ ಒಮ್ಮೆ ಕೈಯಿಟ್ಟು ನೋಡಿಕೊಂಡನಲ್ಲ, ಅದನ್ನು ನೆನೆಯುತ್ತಾ ಮಂಡ್ಯದವರೆಗೂ ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡೇ ಬಂದೆ. ಸರ್ವಿಸ್ ರಸ್ತೆಯಲ್ಲಿ ಧೂಳು ಬಹಳ.

ಮುಂದಿನ ಗುರುವಾರ ವಿದ್ಯುತ್ ಸಂಪರ್ಕ ಕಡಿಯಲು ಲೈನ್‌ಮನ್ ಬಂದ. ಗಡುವು ಮೀರಿದೆ ಎಂದ. ಹೆಂಡತಿ ಫ್ರಿಜ್ಜಿನ ಮೇಲೆ, ಅಡಿಯಲ್ಲಿ, ಹಿಂದೆ ಹುಡುಕಿದಳು. "ಇಲ್ಲೇ ಇಟ್ಟಿದ್ದೆನಲ್ಲ, ಉದ್ದನೆಯ ಬಿಲ್ಲು..." ಎನ್ನುತ್ತಾ ನನ್ನ ಮುಖ ನೋಡಿದಳು. ನಾನು ಮಗನಿಗೆ ಫೋನ್ ಮಾಡಿ, ಆ ಚೀಟಿಯ ಫೋಟೋ ಕಳಿಸು ಎಂದೆ. ತಕ್ಷಣ ಬಂತು. ಆದರೆ ಬಂದದ್ದು ಉಪದೇಶದ ಬದಿ. ಹೆಂಡತಿ ಮೊಬೈಲ್ ಕಸಿದುಕೊಂಡು ಬಾಗಿಲಲ್ಲೇ ನಿಂತು ಗಟ್ಟಿಯಾಗಿ ಓದಿದಳು: "ಏಳು. ಕಟ್ಟಬೇಕಾದ ಹಣವನ್ನು ಕೊನೆಯ ದಿನದವರೆಗೆ ಎಳೆಯಬೇಡ."

"ಒಳ್ಳೆಯ ಮಾತು ಸಾರ್" ಎಂದ ಲೈನ್‌ಮನ್, ಸ್ಕ್ರೂಡ್ರೈವರನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡು. "ಯಾರು ಬರೆದದ್ದು?"

ಅಷ್ಟರಲ್ಲಿ ಇನ್ನೊಂದು ಸಂದೇಶ ಬಂತು: "ಬಿಲ್ ನಾನೇ ಕಟ್ಟಿದ್ದೇನೆ. ಇಂದಿನ ಹೊರಹರಿವು 1,140. ಪೆಟ್ರೋಲ್ ಬಾಬತ್ತು 200. ಒಳಹರಿವು ಸೊನ್ನೆ. ಅಪ್ಪಾ, ಕೊಡಗಿನಲ್ಲಿ ಮಳೆ ಯಾವಾಗ?"